ಸಿಸ್ಟರ್ ಅಂಗಳದ ನೀರು

ಯಾರ ಜೊತೆ ಮಾತಿಗೆ ನಿಂತರೂ ಅವರ ಮಣಿಕಟ್ಟು ಹಿಡಿದುಕೊಳ್ಳುವುದು ನಮ್ಮ ಸಿಸ್ಟರ್ ಅಭ್ಯಾಸವಾಗಿತ್ತು. ಬೆರಳು ನಾಡಿಯ ಮೇಲೆ, ಕಣ್ಣು ನಮ್ಮ ಮುಖದ ಮೇಲೆ, ಬಾಯಲ್ಲಿ ಊರ ಸುದ್ದಿ. ಓಣಿಗೆ ಬರುವ ತರಕಾರಿಯವಳನ್ನೂ ಬಿಟ್ಟವರಲ್ಲ. "ಯಾಕ ಇಷ್ಟು ಜೋರು ಓಡಾಕತ್ತೈತಿ ನಿನ್ನ ನಾಡಿ? ಬದನಿಕಾಯಿ ರೇಟು ಸುಳ್ಳು ಹೇಳೀದೇನು?" ಎಂದರೆ ಆಕೆ ನಕ್ಕು ಬುಟ್ಟಿಗೆ ಇನ್ನಷ್ಟು ಬದನೆಕಾಯಿ ಹಾಕುತ್ತಿದ್ದಳು. ಸರಕಾರಿ ನೌಕರಿಯಿಂದ ನಿವೃತ್ತರಾಗಿ ಎಷ್ಟೋ ವರ್ಷವಾಗಿತ್ತು, ಆ ಬೆರಳುಗಳಿಗೆ ಮಾತ್ರ ಅದರ ಸುದ್ದಿ ಮುಟ್ಟಿರಲಿಲ್ಲ.

ಈ ಬೇಸಿಗೆಯ ಕೊನೆಗೆ ಅವರು ತೀರಿಕೊಂಡರು. ಸಿಂಧನೂರಿನ ನಮ್ಮ ಬಡಾವಣೆಯಲ್ಲಿ ಅವರ ಮನೆ ಮತ್ತು ನಮ್ಮ ಮನೆ ಒಂದೇ ಕಂಪೌಂಡ್ ಗೋಡೆಯ ಆಚೆ ಈಚೆ ಇವೆ. ನನ್ನ ರಕ್ತಸಂಬಂಧಿಗಳು ಹೋದಾಗಲೂ ಮನೆ ಇಷ್ಟು ಬಿಕೋ ಎಂದಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಅವರ ಬದುಕನ್ನು ಮೊದಲಿಂದ ಕೊನೆಯವರೆಗೆ ಹೇಳುವಷ್ಟು ನನಗೆ ಗೊತ್ತಿಲ್ಲ. ಗೋಡೆಯ ಈಚೆಯಿಂದ ಕಂಡದ್ದು ಗೊತ್ತು, ಅವರಾಗಿ ಹೇಳಿದ್ದು ಗೊತ್ತು. ಅದರಲ್ಲೂ ಅವರ ಅಂಗಳದ ನೀರಿನ ವಿಷಯ ಯಾರಾದರೂ ಬರೆದಿಡಬೇಕು ಎನಿಸುತ್ತದೆ, ಮತ್ತು ನನ್ನನ್ನು ಬಿಟ್ಟರೆ ಬರೆಯುವವರು ಯಾರೂ ಇಲ್ಲ.

ಮಸ್ಕಿ, ಲಿಂಗಸುಗೂರು, ಕೊನೆಗೆ ಸಿಂಧನೂರು, ಹೀಗೆ ಮೂರು ಊರಿನ ಸರಕಾರಿ ದವಾಖಾನೆಗಳಲ್ಲಿ ಹೆರಿಗೆ ಮಾಡಿಸುತ್ತಲೇ ಅವರ ನೌಕರಿ ಮುಗಿಯಿತು. ಹಳ್ಳಿಯ ಮುದುಕಿಯರಿಗೆ ಅವರು ನರಸಬಾಯಿ, ನಮಗೆಲ್ಲ ಸಿಸ್ಟರ್. ಮನುಷ್ಯರ ಹೆಸರು ಅವರಿಗೆ ನೆನಪಿರುತ್ತಿರಲಿಲ್ಲ, ಹುಟ್ಟಿದ ರೀತಿ ಮಾತ್ರ ಮರೆಯುತ್ತಿರಲಿಲ್ಲ. ಒಮ್ಮೆ ಲಿಂಗಸುಗೂರು ಬಸ್‌ಸ್ಟ್ಯಾಂಡಿನಲ್ಲಿ ದೊಡ್ಡ ಮೀಸೆಯ ಕಂಡಕ್ಟರ್ ಒಬ್ಬ ಇವರ ಕಾಲಿಗೆ ಬಿದ್ದ. ಇವರು ಅವನ ಮುಖವನ್ನೇ ದಿಟ್ಟಿಸಿ, ಅಷ್ಟೂ ಜನರ ನಡುವೆ, "ನೀ ಕಾಲು ಮುಂದ ಮಾಡಿ ಬಂದಾಂವ ಅಲ್ಲ? ನಿಮ್ಮವ್ವನ ಜೀವಾ ತಿಂದಿದ್ದಿ. ಹೆಂಗದಾಳ ಆಕಿ?" ಎಂದು ಕೇಳಿದರು. ಅವನು ನಾಚಿಕೊಂಡು, ಚೆನ್ನಾಗಿದ್ದಾಳೆಂದು ಹೇಳಿ, ನಮ್ಮಿಬ್ಬರಿಗೂ ಕಿಟಕಿ ಪಕ್ಕದ ಸೀಟು ಹುಡುಕಿಕೊಟ್ಟ.

ಅವರದು ಬೌದ್ಧ ಮನೆತನ. ಪಡಸಾಲೆಯಲ್ಲಿ ಬುದ್ಧನ ಸಣ್ಣ ಮೂರ್ತಿಯೊಂದಿತ್ತು, ಅದರ ಮುಂದೆ ದಿನವೂ ಹೊಸ ಹೂವು. ಮಸ್ಕಿ ಕಡೆಯ ಒಂದು ಹಳ್ಳಿಯ ಕೇರಿಯಲ್ಲಿ ಹುಟ್ಟಿ, ಅಲ್ಲಿಂದ ಓದಿಕೊಂಡು ಬಂದವರು. ಅದನ್ನು ಮುಚ್ಚಿಟ್ಟವರೂ ಅಲ್ಲ, ಎತ್ತಿ ಆಡಿದವರೂ ಅಲ್ಲ. ಒಮ್ಮೆ ಮಾತ್ರ, ಅವರೆಕಾಯಿ ಸುಲಿಯುತ್ತ ಕುಳಿತಾಗ, ಇದ್ದಕ್ಕಿದ್ದಂತೆ ಹೇಳಿದರು: "ಹೆರಿಗಿ ಬ್ಯಾನಿ ತಿನ್ನುವಾಗ ಒಬ್ಬಾಕೀನೂ ನನ್ನ ಜಾತಿ ಕೇಳಲಿಲ್ಲ ಟೀಚರ್. ನನ್ನ ಕೈ ಹಿಡಕೊಂಡು ನೀರು ಬೇಡಿ ಕುಡೀತಿದ್ರು. ಕೂಸು ಅತ್ತ ಮ್ಯಾಲೆ ಕೇಳ್ತಿದ್ರು, ನೀ ಯಾರ ಪೈಕಿ ಅಂತ." ಹೇಳಿ ಜೋರಾಗಿ ನಕ್ಕರು. ನಾನು ನಗಲು ನೋಡಿದೆ, ಆಗಲಿಲ್ಲ.

ನಗಲಾಗದಿದ್ದುದಕ್ಕೆ ಕಾರಣ ನಮ್ಮ ಮನೆಯೊಳಗೇ ಇತ್ತು. ನಮ್ಮ ಅತ್ತೆ ಸಾಲಗುಂದದ ಹೆಣ್ಣುಮಗಳು, ಕಾಲುವೆ ನೀರಿನ ನೆಲ್ಲಿನ ಗದ್ದೆಗಳ ನಡುವೆ ಬೆಳೆದವರು. ಬಾಯಿ ಜೋರು, ಕರುಳು ಮೆತ್ತಗೆ. ಹಸಿದು ಬಂದವರನ್ನು ಉಣ್ಣಿಸದೆ ಕಳಿಸಿದವರಲ್ಲ. ಆದರೆ ಹಬ್ಬಕ್ಕೆ ಸಿಸ್ಟರ್ ಮನೆಯಿಂದ ತಟ್ಟೆ ಬಂದರೆ ಬಾಳೆಹಣ್ಣು ತೆಗೆದುಕೊಂಡು ಹೋಳಿಗೆಯನ್ನು ಕೆಲಸದವಳಿಗೆ ಕೊಟ್ಟುಬಿಡುತ್ತಿದ್ದರು. ಸಿಸ್ಟರ್‌ಗೆ ಇದು ಹೇಗೋ ಗೊತ್ತಾಯಿತು. ಮುಂದಿನ ಹಬ್ಬದಿಂದ ತಟ್ಟೆಯಲ್ಲಿ ಬರೀ ಹಣ್ಣು ಬರತೊಡಗಿತು. "ಅಮ್ಮಾರಿಗೆ ಸಕ್ಕರಿ ಬ್ಯಾನಿ ಐತಲ್ಲ, ಹೋಳಿಗಿ ಒಗ್ಗಂಗಿಲ್ಲ" ಎಂದು ನನ್ನ ಕಡೆ ನೋಡದೆ ಹೇಳಿದ್ದರು.

ಇನ್ನು ಅಂಗಳದ ವಿಷಯ. ನಮ್ಮ ಬಡಾವಣೆ ಮೊದಲು ಗದ್ದೆಯಾಗಿತ್ತು, ಅಪ್ಪಟ ಎರೆ ನೆಲ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ. ಸಿಸ್ಟರ್ ತಮ್ಮ ಗೇಟಿನಿಂದ ಪಡಸಾಲೆಯ ಮೆಟ್ಟಿಲವರೆಗೆ ಪರಸಿಕಲ್ಲು ಹಾಸಿದ್ದರು. ಕೆಲವು ವರ್ಷಗಳಲ್ಲಿ ಆ ಕಲ್ಲುಗಳು ಮುನಿಸಿಕೊಂಡ ಅಣ್ಣತಮ್ಮಂದಿರ ಹಾಗೆ ಒಂದೊಂದು ಒಂದೊಂದು ಕಡೆ ಮುಖ ಮಾಡಿದವು. ಅವರ ಮಗಳು ಮಸ್ಕಿಯಲ್ಲಿ ಬ್ಯಾಂಕ್ ನೌಕರಿ ಮಾಡುತ್ತಾಳೆ. ದಿನಾ ಬೆಳಿಗ್ಗೆ ಆ ಕಲ್ಲುಗಳ ಮೇಲೆ ಸ್ಕೂಟರ್ ಕುಣಿಸಿಕೊಂಡು ಬಸ್‌ಸ್ಟ್ಯಾಂಡಿಗೆ ಹೋಗುತ್ತಿದ್ದಳು.

ಅಷ್ಟರಲ್ಲಿ ಮುಂದಿನ ರಸ್ತೆಗೆ ಕಾಂಕ್ರೀಟು ಬಿತ್ತು. ಹಳೆಯ ರಸ್ತೆಯನ್ನು ಅಗೆಯದೆ ಅದರ ಮೇಲೇ ಹಾಕಿದ್ದರಿಂದ ರಸ್ತೆ ಎತ್ತರವಾಯಿತು, ನಮ್ಮ ಸಾಲಿನ ಮನೆಗಳೆಲ್ಲ ತಗ್ಗಿಗೆ ಬಿದ್ದವು. ಮೊದಲು ಸಿಸ್ಟರ್ ಅಂಗಳದ ಮಳೆನೀರು ಗೇಟಿನ ಕೆಳಗಿನಿಂದ ರಸ್ತೆಗೆ ಹೋಗುತ್ತಿತ್ತು. ಈಗ ರಸ್ತೆಯ ನೀರೇ ಒಳಗೆ ಬರತೊಡಗಿತು. ನಮಗೆ ಆ ತೊಂದರೆ ಇರಲಿಲ್ಲ. ನಮ್ಮದು ಮೂಲೆ ಮನೆ, ಅವರದಕ್ಕಿಂತ ತುಸು ತಗ್ಗಿನಲ್ಲಿದೆ. ನಮ್ಮ ನೀರು ಪಕ್ಕದ ಓಣಿಯಲ್ಲಿ ಉಳಿದುಕೊಂಡಿರುವ ಹಳೆಯ ಹೊಲಗಾಲುವೆಗೆ ತಾನಾಗಿ ಇಳಿಯುತ್ತದೆ.

ಸಿಸ್ಟರ್ ಗೌಂಡಿಯನ್ನು ಕರೆಸಿದರು. ಕಲ್ಲು ಕಿತ್ತು, ಗೇಟಿನ ಹತ್ತಿರ ಏರಿಸಿ, ಪೂರ್ತಿ ಹಾದಿಗೆ ಕಾಂಕ್ರೀಟು ಹಾಕಬೇಕೆಂದು ತೀರ್ಮಾನವಾಯಿತು. ನಾನು ಗೋಡೆಗೆ ಆತು ನಿಂತು ಕೇಳಿಸಿಕೊಳ್ಳುತ್ತಿದ್ದೆ.

"ನೀರು ಎಲ್ಲಿಗೆ ಬಿಡೂದ್ರೀ ಸಿಸ್ಟರ್?" ಎಂದು ಗೌಂಡಿ ಕೇಳಿದ. "ವಾಸ್ತು ಪ್ರಕಾರ ಈಶಾನ್ಯಕ್ಕ ಇಳಕಲು ಕೊಡಬೇಕು. ನೆಲದ ಇಳಕಲೂ ಆ ಕಡೇನ ಐತಿ."

"ಈಶಾನ್ಯದಾಗ ನಿನಗ ದೇವರು ಕಾಣತಾನೋ ಏನೋ, ನನಗ ಟೀಚರ್ ಮನಿ ಗ್ವಾಡಿ ಕಾಣತೈತಿ" ಎಂದರು ಸಿಸ್ಟರ್. "ನನ್ನ ಅಂಗಳದಾಗ ಬಿದ್ದ ನೀರು ನನ್ನ ಅಂಗಳದಾಗ ಇಂಗಬೇಕು. ಇನ್ನೊಬ್ಬರ ಬಾಗಲಕ್ಕ ಹೋಗಬಾರ್ದು. ಇಂಗುಗುಂಡಿ ತೋಡು."

"ಎರಿ ನೆಲ ನೀರು ಇಂಗಿಸಿಕೊಳ್ಳಂಗಿಲ್ರಿ. ಮೇಲ ಕುಡದು ಮೇಲ ಉಬ್ಬತೈತಿ."

"ಕುಡಿಸ್ತೀನಿ. ಮೊಲಿ ಹಿಡೀದ ಹಟ ಮಾಡೋ ಕೂಸುಗಳಿಗೆಲ್ಲ ಕುಡಿಸೀನಿ, ಇದ್ಯಾವ ಲೆಕ್ಕ?"

ಅವರ ಹಟದ ಮುಂದೆ ಗೌಂಡಿಯ ಮಾತು ನಡೆಯಲಿಲ್ಲ. ಇಂಗುಗುಂಡಿಯ ಬಗ್ಗೆ ಯಾವುದೋ ಶಿಬಿರದಲ್ಲಿ ಅವರು ಕೇಳಿದ್ದರು, ಕೇಳಿದ್ದು ಮನಸ್ಸಿಗೆ ಹಿಡಿಸಿತ್ತು. ನೆಲ ಯಾವುದು ಎಂಬ ಪ್ರಶ್ನೆಯೇ ಅವರಿಗೆ ಮುಖ್ಯವಾಗಲಿಲ್ಲ. ಅಂಗಳದ ನಡುವೆ ಗುಂಡಿ ತೋಡಿ, ಕಲ್ಲು ಮರಳು ತುಂಬಿ, ಅದರ ಸುತ್ತ ಕಾಂಕ್ರೀಟು ಹಾಕಿದರು. ಒಣಗದಂತೆ ಮೇಲೆ ಒದ್ದೆ ನೆಲ್ಲುಹುಲ್ಲು ಹೊದಿಸಿದ್ದನ್ನು ಪಕ್ಕದ ಓಣಿಯ ಎಮ್ಮೆ ಬಂದು ತಿಂದು, ಹಸಿ ಕಾಂಕ್ರೀಟಿನಲ್ಲಿ ಗೊರಸಿನ ಗುರುತು ಮೂಡಿಸಿ ಹೋಯಿತು. ಸಿಸ್ಟರ್ ಅದನ್ನು ತಿದ್ದಿಸಲಿಲ್ಲ, ಬಂದವರಿಗೆಲ್ಲ ತೋರಿಸಿದರು. ಉದ್ಘಾಟನೆಗೆ ಯಾರನ್ನು ಕರೆಯಬೇಕು ಎಂಬ ಚಿಂತೆ ತಪ್ಪಿತು ಎನ್ನುತ್ತಿದ್ದರು.

ಮಳೆಗಾಲ ಶುರುವಾಯಿತು. ಗುಂಡಿ ಮೊದಲ ದೊಡ್ಡ ಮಳೆಗೇ ತುಂಬಿತು, ತುಂಬಿದ್ದು ಇಳಿಯಲೇ ಇಲ್ಲ. ಆ ನೀರು ಅಡ್ಡಕ್ಕೆ ಹರಿದು ಕಾಂಕ್ರೀಟಿನ ಕೆಳಗೆ ಸೇರಿತು. ಕೆಲವೇ ದಿನಗಳಲ್ಲಿ ಹೊಸ ಹಾದಿ ನಡುವೆ ಎದ್ದು ನಿಂತು ಉದ್ದಕ್ಕೆ ಸೀಳಿತು. ಸಿಸ್ಟರ್ ಸೊಂಟದ ಮೇಲೆ ಕೈಯಿಟ್ಟು ಅದನ್ನು ಪರೀಕ್ಷಿಸಿ, "ಬಸರಾಗೇತಿ ನೋಡ್ರಿ ಇದು, ದಿನಾ ತುಂಬ್ಯಾವ" ಎಂದರು. ಆದರೆ ಮುಂದಿನ ಮಳೆಗೆ ಪಡಸಾಲೆಯೊಳಗೇ ನೀರು ಬಂತು. ಅದಾದ ಮೇಲೆ ಒಂದು ಬೆಳಿಗ್ಗೆ ಮಗಳ ಸ್ಕೂಟರಿನ ಗಾಲಿ ಆ ಸೀಳಿಗೆ ಸಿಕ್ಕಿ, ಹುಡುಗಿ ಬಿದ್ದು ಕೈ ಮುರಿದುಕೊಂಡಳು. ಅಂದಿನಿಂದ ಸಿಸ್ಟರ್ ಹಾದಿಯ ಬಗ್ಗೆ ತಮಾಷೆ ಮಾಡುವುದನ್ನು ಬಿಟ್ಟರು.

ಗೌಂಡಿ ಮತ್ತೆ ಬಂದು ಸುತ್ತಲೂ ನೋಡಿದ. ಇರುವುದು ಒಂದೇ ದಾರಿ ಎಂದ. ನಡುಗೋಡೆಯ ಬುಡದಲ್ಲಿ ಕಿಂಡಿ ತೆಗೆದು, ನಮ್ಮ ಅಂಗಳದ ಮೂಲಕ ನೀರನ್ನು ಹೊಲಗಾಲುವೆಗೆ ಬಿಡಬೇಕು. ಯಾರನ್ನೂ ಏನೂ ಬೇಡಿ ಗೊತ್ತಿಲ್ಲದ ಹೆಂಗಸು, ಮಗಳ ಕೈಗೆ ಪ್ಲಾಸ್ಟರ್ ಬಿದ್ದ ಮೇಲೆ, ಒಗೆದ ಸೀರೆ ಉಟ್ಟುಕೊಂಡು ನಮ್ಮ ಮನೆಗೆ ಕೇಳಲು ಬಂದರು. ಮನೆ, ಅಂಗಳ ಎರಡೂ ಅತ್ತೆಯ ಹೆಸರಿನಲ್ಲಿವೆ, ಅವರ ಮಾತೇ ಕೊನೆ. ಅತ್ತೆ ತುಳಸಿಕಟ್ಟೆಯ ಮೇಲೆ ಕುಳಿತಿದ್ದರು. ಕಿಂಡಿ ತೆಗೆದರೆ ನೀರು ಹರಿಯಬೇಕಾದ್ದು ಅದೇ ಕಟ್ಟೆಯ ಮುಂದೆ.

"ಬ್ಯಾಡ ಅನ್ನಂಗಿಲ್ಲ, ಬಿಡ್ರಿ" ಎಂದರು ಅತ್ತೆ. "ಆದ್ರ ಪೈಪ್ ಹಾಕಿ ಮಣ್ಣಾಗ ಹುಗದು ಒಯ್ರಿ. ತುಳಸಿ ಮುಂದ ಕಣ್ಣಿಗೆ ಕಾಣಂಗ ಹರೀಬಾರ್ದು."

ಸಿಸ್ಟರ್ ಮೆಲ್ಲಗೆ ಹೇಳಿದರು: "ಸಂಡಾಸದ ನೀರಿಗೆ ಪೈಪ್ ಬೇಕ್ರಿ ಅಮ್ಮಾರ. ಮಳಿ ನೀರಿಗೆ ಯಾಕ? ನಿಮ್ಮ ಮಾಳಿಗಿ ನೀರು ಇದ ಅಂಗಳದಾಗ ಬಯಲಾಗ ಹರೀತೈತಿ. ಎರಡೂ ಒಂದ ಮೋಡದಿಂದ ಬಿದ್ದಾವ. ನನ್ನ ಕಡೆ ಬಿದ್ದದ್ದಷ್ಟ ಹುಗಿಬೇಕೇನು?"

ಅತ್ತೆ ಜಪಮಾಲೆ ತಿರುಗಿಸುತ್ತಲೇ ಇದ್ದರು.

"ಹಂಗಾದ್ರ ಬ್ಯಾಡ್ರಿ. ನಿಂದ್ರಲಿ ನನ್ನ ಮನ್ಯಾಗ" ಎಂದು ಸಿಸ್ಟರ್ ಎದ್ದು ಹೋದರು. ನಾನು ಗೇಟಿನವರೆಗೆ ಹಿಂದೆ ಹೋದೆ. ಅಂದು ಅವರು ನನ್ನ ಮಣಿಕಟ್ಟು ಹಿಡಿಯಲಿಲ್ಲ.

ಅಲ್ಲಿಗೆ ಇದು ಕಾಂಕ್ರೀಟಿನ ವಿಷಯವಾಗಿ ಉಳಿಯಲಿಲ್ಲ. ನೀರು ಹೋದರೆ ಎಲ್ಲರ ನೀರಿನ ಹಾಗೆ ಬೆಳಕಿನಲ್ಲಿ ಹೋಗಬೇಕು, ಇಲ್ಲವಾದರೆ ಹೋಗುವುದೇ ಬೇಡ. ಇದು ಅವರ ಪಟ್ಟು. ನಾನು, ನಮ್ಮ ಮನೆಯವರು ಇಬ್ಬರೂ ಅತ್ತೆಗೆ ಹೇಳಿ ಸೋತೆವು. "ನಾ ಇಲ್ಲ ಅಂದಿಲ್ಲಲ್ಲ, ಪೈಪ್ ಹಾಕ್ರಿ ಅಂದೀನಿ" ಎಂಬುದು ಅವರ ಉತ್ತರ. ಸಿಸ್ಟರ್ ಹತ್ತಿರ ಪೈಪಿನ ಮಾತೆತ್ತಿದರೆ ಬೇರೆ ಮಾತು ತೆಗೆಯುತ್ತಿದ್ದರು. ಆ ಮಳೆಗಾಲವಿಡೀ ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಂಗಳದ ನೀರನ್ನು ಬಕೆಟ್ಟಿನಲ್ಲಿ ಮೊಗೆದು ರಸ್ತೆಗೆ ಚೆಲ್ಲಿದರು. ಮಗಳು ಒಂದೇ ಕೈಯಲ್ಲಿ ಕೂಡಿಕೊಳ್ಳುತ್ತಿದ್ದಳು. ನಾನು ಶಾಲೆಯಿಂದ ಬಂದು ಬಕೆಟ್ ಹಿಡಿದರೆ ಬೇಡ ಎನ್ನುತ್ತಿರಲಿಲ್ಲ.

ಹಾಗೆ ಮೊಗೆಯುವಾಗಲೇ ಒಂದು ಸಂಜೆ ತಮ್ಮ ಅವ್ವನ ಸುದ್ದಿ ಹೇಳಿದರು. "ನಮ್ಮೂರು ಗುಡ್ಡದ ಬಾಜೂಕ ಐತಿ. ಊರು ಮ್ಯಾಲ, ಕೇರಿ ಕೆಳಗ. ಮಳಿ ಬಂತಂದ್ರ ಊರ ಹೊಲಸೆಲ್ಲ ಕೂಡಿಕೊಂಡು ನಮ್ಮ ಬಾಗಲಕ್ಕ ಬರ್ತಿತ್ತು. ನಮ್ಮವ್ವ ಹೊಸ್ತಿಲಕ್ಕ ಮಣ್ಣಿನ ಒಡ್ಡು ಕಟ್ಟತಿದ್ಲು. ಅದು ಕೊಚ್ಚಿ ಹೋಗತಿತ್ತು, ಮತ್ತ ಕಟ್ಟತಿದ್ಲು. ಜ್ವಾಳದ ಚೀಲ ತೊಲಿಗೆ ಕಟ್ಟಿ, ನಮ್ಮನ್ನ ಕಟ್ಟಿ ಮ್ಯಾಲ ಕುಂದ್ರಿಸಿ, ತಾನು ಆ ಹೊಲಸಿನಾಗ ನಿಂತು ಮೊಗೀತಿದ್ಲು. ಯಾರನ್ನೂ ಬೈಲಿಲ್ಲ ಆಕಿ. ಬೈದಿದ್ರ ನಾ ಇಷ್ಟು ನೆನಪಿಡತಿದ್ದಿಲ್ಲೇನೊ." ಬಕೆಟ್ಟನ್ನು ರಸ್ತೆಗೆ ಚೆಲ್ಲಿ ಬೆನ್ನು ನೆಟ್ಟಗೆ ಮಾಡಿದರು. "ಅದಕ್ಕ ನನ್ನ ನೀರು ಯಾರ ಬಾಗಲಕ್ಕೂ ಹೋಗಬಾರ್ದು ಅಂತ ಗುಂಡಿ ತೋಡಿಸಿದೆ. ಅದು ಕೆಟ್ಟಿತು. ಆದ್ರ ಕದ್ದು ಕಳಸಂಗಿಲ್ಲ ಟೀಚರ್. ಕದ್ದು ಕಳಸೂವಂಥಾದ್ದು ನನ್ನ ಅಂಗಳದಾಗ ಏನೂ ಇಲ್ಲ."

ಮಳೆಗಾಲ ಮುಗಿದ ಮೇಲೆ ಅತ್ತೆಯ ಕಾಲ್ಬೆರಳಿಗೆ ಗಾಯವಾಯಿತು. ಸಕ್ಕರೆ ಕಾಯಿಲೆಯ ಕಾಲು, ಗಾಯ ಒಣಗದೆ ಬೆಳೆಯಿತು. ದವಾಖಾನೆಯಲ್ಲಿ ಕೊಯ್ದು ತೊಳೆದು ಕಳಿಸಿದರು, ದಿನಾ ಡ್ರೆಸ್ಸಿಂಗ್ ಆಗಬೇಕೆಂದರು. ಯಾರನ್ನು ಕರೆಯುವುದು ಎಂದು ನಾವು ಯೋಚಿಸುತ್ತಿರುವಾಗಲೇ ಸಿಸ್ಟರ್ ಕೈಚೀಲ ಹಿಡಿದು ಒಳಗೆ ಬಂದರು. ಯಾರೂ ಕರೆದಿರಲಿಲ್ಲ. ಅತ್ತೆಯ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಹಳೆಯ ಬ್ಯಾಂಡೇಜು ಬಿಚ್ಚಿದರು. ಆ ವಾಸನೆಗೆ ನಾನು ಕಿಟಕಿ ಕಡೆ ತಿರುಗಿದೆ, ಅವರು ಮುಖ ಸಹ ಕಿವುಚಲಿಲ್ಲ. ಅಂದಿನಿಂದ ಗಾಯ ಮಾಯುವವರೆಗೆ ಒಂದು ದಿನವೂ ತಪ್ಪಲಿಲ್ಲ. ಬೆರಳು ಉಳಿದದ್ದು ಅವರಿಂದಲೇ ಎಂದು ಡಾಕ್ಟರೇ ಹೇಳಿದರು.

ಆ ದಿನಗಳಲ್ಲಿ ಇಬ್ಬರೂ ಚೆನ್ನಾಗಿ ಮಾತಾಡಿಕೊಳ್ಳುತ್ತಿದ್ದರು. ಅತ್ತೆ ಗದ್ದೆಯ ಕತೆ, ಸಿಸ್ಟರ್ ಹೆರಿಗೆಯ ಕತೆ. ಗಾಯ ಹೆಚ್ಚುಕಡಿಮೆ ಒಣಗಿದ ಒಂದು ದಿನ, ಹೊಸ ಬಟ್ಟೆ ಸುತ್ತುತ್ತಿದ್ದಾಗ, ಅತ್ತೆ ಮನಸ್ಸು ತುಂಬಿ, "ನಿನ್ನ ಕೈಗುಣ ಭಾಳ ಚಲೋ ಐತಿ ನೋಡು ಸಿಸ್ಟರ" ಎಂದರು.

ಸಿಸ್ಟರ್ ಗಂಟು ಹಾಕುತ್ತ, ತಲೆ ಎತ್ತದೆ, ನಗುನಗುತ್ತಲೇ ಹೇಳಿದರು: "ನನ್ನ ಕೈ ನಡೀತೈತ್ರಿ ಅಮ್ಮಾರ. ನನ್ನ ನೀರು ನಡಿಯಂಗಿಲ್ಲ."

ಕತ್ತರಿ, ಹತ್ತಿ, ಔಷಧಿ ಎಲ್ಲ ಚೀಲಕ್ಕೆ ಹಾಕಿಕೊಂಡು, ಸಿಹಿ ತಿನ್ನಬಾರದೆಂದು ದಿನದ ಹಾಗೇ ಎಚ್ಚರಿಕೆ ಕೊಟ್ಟು ಹೊರಟುಹೋದರು. ಅತ್ತೆ ಅಂದು ಸರಿಯಾಗಿ ಉಣ್ಣಲಿಲ್ಲ. ಟಿವಿ ಹಾಕಿದರೆ ಬೇಡವೆಂದರು.

ಯುಗಾದಿ ಕಳೆದ ಮೇಲೆ ಸಿಸ್ಟರ್ ಮತ್ತೆ ಗೌಂಡಿಯನ್ನು ಕರೆಸಿದರು. ಗುಂಡಿ ಮುಚ್ಚಿಸಿ, ಪಡಸಾಲೆಯ ಮೆಟ್ಟಿಲನ್ನಾದರೂ ಎತ್ತರಿಸಿಕೊಳ್ಳೋಣ ಎಂದುಕೊಂಡಿದ್ದರು. ಗೌಂಡಿಯ ದನಿ ಕೇಳಿದ್ದೇ ತಡ, ಅತ್ತೆ ಕೋಲು ಊರಿಕೊಂಡು ನಮ್ಮ ಕಡೆಯ ಗೋಡೆಯ ಹತ್ತಿರ ಹೋದರು.

"ಏ ಗೌಂಡಿ, ಹಾರಿ ತಗೊಂಡು ಈ ಕಡೆ ಬಾ. ಈ ಕಡೆಯಿಂದ ಒಡಿ ಗ್ವಾಡಿ."

ಆಚೆಯಿಂದ ಸಿಸ್ಟರ್ ಮುಖ ಮೇಲೆದ್ದಿತು. "ಪೈಪ್ ಬ್ಯಾಡ ಅಂದೀನ್ರೀ ಅಮ್ಮಾರ."

"ಪೈಪಿನ ಮಾತು ಯಾರು ತಗದ್ರು ಈಗ? ಗದ್ದಿಗೆ ಪೈಪ್ ಇರತೈತೇನು?" 

ಅತ್ತೆ ಏದುಸಿರು ಬಿಡುತ್ತಿದ್ದರು. "ನಮ್ಮ ಸಾಲಗುಂದದಾಗ ಮ್ಯಾಲಿನ ಗದ್ದ್ಯಾಗ ನೀರು ಹೆಚ್ಚಾತಂದ್ರ ಮ್ಯಾಲಿನಾವ ಬದು ಕಡಿಯಂಗಿಲ್ಲ. ಕಡದಾ ಅಂದ್ರ ಜಗಳ, ಪಂಚಾಯ್ತಿ. ಕೆಳಗಿನಾವ ಸಲಿಕಿ ತಗೊಂಡು ಹೋಗಿ ತಾನ ಕಡಕೊಂತಾನ. ಕಡಕೊಂಡ ಮ್ಯಾಲೆ ಆ ನೀರು ಅವಂದು. ಮ್ಯಾಲಿನಾವ ಕೇಳಂಗಿಲ್ಲ, ಕೆಳಗಿನಾವ ಹೇಳಂಗಿಲ್ಲ. ನನ್ನ ಗದ್ದಿ ಕೆಳಗೈತಿ, ನಾ ಕಡಕೊಳ್ಳಾಕತ್ತೀನಿ. ನೀ ಯಾರವಾ ಬ್ಯಾಡ ಅನ್ನಾಕ?"

ಗೌಂಡಿ ಒಮ್ಮೆ ಇವರನ್ನು ನೋಡಿದ, ಒಮ್ಮೆ ಅವರನ್ನು ನೋಡಿದ.

"ತುಳಸಿ ಮುಂದ ಹರೀತೈತ್ರಿ" ಎಂದರು ಸಿಸ್ಟರ್.

"ಹರೀಲಿ. ಅದೂ ಗಿಡಾನ, ನೀರು ಬೇಕು ಅದಕ್ಕ."

ಹಾರೆಯ ಮೊದಲ ಪೆಟ್ಟು ಬಿದ್ದಾಗ ಸಿಸ್ಟರ್ ಮುಖ ಗೋಡೆಯಿಂದ ಕೆಳಗಿಳಿಯಿತು. ಮತ್ತೆ ಕಾಣಿಸಿಕೊಂಡಾಗ ಮುಖ ತೊಳೆದುಕೊಂಡು ಬಂದಿದ್ದರು.

ಈ ಸಲ ಕೆಲಸ ಸರಿಯಾಗಿ ಆಯಿತು. ಕಾಂಕ್ರೀಟು ಒಡೆದು, ಎರೆ ಮಣ್ಣನ್ನು ಮೊಣಕಾಲುದ್ದ ತೆಗೆದು ಹೊರಗೆ ಹಾಕಿದರು. ಅಲ್ಲಿಗೆ ಉಬ್ಬದ ಕೆಂಪು ಗರಸು ಮಣ್ಣು ಸುರಿದು, ನೀರು ಹೊಡೆದು, ಕುಟ್ಟಿ, ಮತ್ತೆ ಸುರಿದು ಕುಟ್ಟಿದರು. ನೆಲ ಉಬ್ಬಿದರೂ ಸೀಳದಂತೆ ಹೊಸ ಕಾಂಕ್ರೀಟನ್ನು ತುಂಡು ತುಂಡಾಗಿ, ನಡುವೆ ಸಂದು ಬಿಟ್ಟು ಹಾಕಿದರು. ಇಳಕಲು ಗೇಟಿನಿಂದ ಕಿಂಡಿಯ ಕಡೆಗೆ. ನಮ್ಮ ಅಂಗಳದಲ್ಲಿ ಕಿಂಡಿಯಿಂದ ಹೊಲಗಾಲುವೆಯವರೆಗೆ ಪರಸಿ ಹಾಸಿ, ತುಳಸಿಕಟ್ಟೆಯ ಮುಂದಿನಿಂದಲೇ ಒಂದು ಸಣ್ಣ ತೆರೆದ ಕಾಲುವೆ ಮಾಡಿದೆವು. ಸಿಸ್ಟರ್ ಅಂಗಳದಲ್ಲಿ ಕಿತ್ತಿಟ್ಟಿದ್ದ ಹಳೆಯ ಕಲ್ಲುಗಳನ್ನೇ ಅದಕ್ಕೆ ಬಳಸಿದೆವು.

ಮೊದಲ ಮಳೆಗೆ ಇಬ್ಬರೂ ಗೋಡೆಯ ಆಚೆ ಈಚೆ ಕೊಡೆ ಹಿಡಿದು ನಿಂತರು. ನೀರು ಕಿಂಡಿಯಿಂದ ಬಂತು, ಆದರೆ ಕಪ್ಪಗೆ ಬಂತು. ಸಿಂಧನೂರಿನಲ್ಲಿ ಇರುವವರಿಗೆ ಹೇಳಬೇಕಿಲ್ಲ, ರೈಸ್‌ಮಿಲ್ಲುಗಳ ಉಮಿಯ ಬೂದಿ ದಿನವಿಡೀ ಗಾಳಿಯಲ್ಲಿ ಬಂದು ಅಂಗಳ, ಮಾಳಿಗೆ, ಒಣಹಾಕಿದ ಸೀರೆ ಎಲ್ಲದರ ಮೇಲೂ ಕೂರುತ್ತದೆ. ಆ ಬೂದಿಯ ನೀರು ತುಳಸಿಯ ಮುಂದೆ ಹರಿದದ್ದನ್ನು ನೋಡಿ ಸಿಸ್ಟರ್ ಮುಖ ಸಣ್ಣದಾಯಿತು. "ಎಲ್ಲಾರ ಅಂಗಳದಾಗೂ ಬೀಳತೈತಿ ಬಿಡು" ಎಂದು ಅತ್ತೆ ಎಷ್ಟು ಹೇಳಿದರೂ ಅವರಿಗೆ ಸಮಾಧಾನವಾಗಲಿಲ್ಲ.

ಅಂದಿನಿಂದ ಒಂದು ಹೊಸ ರೂಢಿ ಶುರುವಾಯಿತು. ಮೋಡ ಕಂಡ ಕೂಡಲೇ ಸಿಸ್ಟರ್ ಕಸಬರಿಗೆ ಹಿಡಿದು ಅಂಗಳಕ್ಕಿಳಿಯುತ್ತಿದ್ದರು. ಮೆಟ್ಟಿಲಿನಿಂದ ಗೇಟಿನವರೆಗೆ, ಗೇಟಿನಿಂದ ಕಿಂಡಿಯವರೆಗೆ, ಕಾಂಕ್ರೀಟಿನ ಸಂದುಗಳನ್ನೂ ಬಿಡದೆ ಗುಡಿಸಿ ಬೂದಿಯನ್ನು ಬುಟ್ಟಿಗೆ ತುಂಬುತ್ತಿದ್ದರು. ಮಳೆ ಬಾರದೆ ಮೋಡ ಹಾಗೇ ಹೋದರೆ ಮರುದಿನ ಮತ್ತೆ. ನನಗೆ ಇದು ಸರಿಬರಲಿಲ್ಲ. ಒಂದು ದಿನ ಸಿಟ್ಟಿನಿಂದಲೇ ಕೇಳಿದೆ: "ಯಾಕ್ರೀ ಸಿಸ್ಟರ್, ನಮ್ಮತ್ತಿಗೆ ಅಂಜಿ ಕಸ ಹೊಡಿಯಾಕತ್ತೀರೇನು?"

"ನಿಮ್ಮತ್ತಿಗೆ ಅಂಜಾಕಿ ಆಗಿದ್ರ ಆವಾಗ ಪೈಪ್ ಹಾಕಿಸಿ ಕುಂದ್ರತಿದ್ದೆ" ಎಂದರು. ಕಸಬರಿಗೆಯ ಹಿಡಿಯನ್ನು ಅಂಗೈಗೆ ಕುಟ್ಟಿ ಸರಿಮಾಡಿಕೊಂಡರು. "ನಮ್ಮವ್ವನ ಬಾಗಲಕ್ಕ ಬರೋ ನೀರಿಗೆ ಮುಂದಾಗಿ ಯಾರೂ ಕಸ ಹೊಡೀಲಿಲ್ಲ ಟೀಚರ್. ಹೊಡದಿದ್ರ ಆಕಿಗೆ ಹೆಂಗ ಅನಸ್ತಿತ್ತೋ ಅಂತ ನೋಡಾಕತ್ತೀನಿ. ನೀ ನಡುವ ಬರಬ್ಯಾಡ."

ನಡುವೆ ಬರುವುದನ್ನು ನಾನು ಬಿಟ್ಟೆ. ಕಳೆದ ವರ್ಷದ ಹೊತ್ತಿಗೆ ಅವರ ಹೃದಯ ಸೋತಿತ್ತು. ಸ್ವಲ್ಪ ನಡೆದರೂ ದಮ್ಮು ಬರುತ್ತಿತ್ತು. ಡಾಕ್ಟರು ಬಗ್ಗಿ ಏಳುವ ಕೆಲಸ ಬೇಡವೆಂದಿದ್ದರು, ಮಗಳು ಕಸಬರಿಗೆ ಬಚ್ಚಿಡುತ್ತಿದ್ದಳು, ಇವರು ಹುಡುಕಿ ತೆಗೆಯುತ್ತಿದ್ದರು. "ಏ ಸಿಸ್ಟರಾ, ಸಾಕ ಬಿಡ, ಉಸಿರು ಹತ್ತೈತಿ ನಿನಗ" ಎಂದು ಅತ್ತೆ ಮಂಚದ ಮೇಲಿಂದಲೇ ಕೂಗುತ್ತಿದ್ದರು. "ನೀವು ಬೆಲ್ಲ ತಿನ್ನೂದು ಬಿಡ್ರಿ, ನಾ ಇದು ಬಿಡ್ತೀನಿ" ಎಂದು ಆಚೆಯಿಂದ ಉತ್ತರ ಬರುತ್ತಿತ್ತು. ಬಿಟ್ಟವರು ಇಬ್ಬರಲ್ಲಿ ಯಾರೂ ಇಲ್ಲ.

ಇದನ್ನೂ ಬರೆದುಬಿಡುತ್ತೇನೆ. ಇಷ್ಟೆಲ್ಲ ಆದ ಮೇಲೂ ಅತ್ತೆ ಸಿಸ್ಟರ್ ಮನೆಯ ಚಹಾ ಕುಡಿಯಲಿಲ್ಲ, ಅವರ ಗೇಟು ದಾಟಿ ಒಳಗೆ ಕಾಲಿಡಲಿಲ್ಲ. ಗೋಡೆಯ ಹತ್ತಿರ ಗಂಟೆಗಟ್ಟಲೆ ನಿಂತು ಮಾತಾಡುತ್ತಿದ್ದರು, ಗೋಡೆ ಇರುತ್ತಿತ್ತು. ಸಿಸ್ಟರ್ ಒಮ್ಮೆಯೂ ಒಳಗೆ ಬನ್ನಿ ಎಂದು ಕರೆಯಲಿಲ್ಲ. ಮುಖಕ್ಕೆ ಇಲ್ಲ ಎನಿಸಿಕೊಳ್ಳುವುದು ಅವರಿಗೆ ಬೇಕಿರಲಿಲ್ಲ ಎಂದು ನನಗನಿಸುತ್ತದೆ.

ಒಂದು ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಬೌದ್ಧ ಸಂಪ್ರದಾಯದಂತೆ ಬಿಳಿ ಬಟ್ಟೆ ಹೊದಿಸಿ, ಅಂಗಳದಲ್ಲಿ ಆ ಕಾಂಕ್ರೀಟಿನ ಮೇಲೇ ಮಲಗಿಸಿದ್ದರು. ಮಸ್ಕಿ, ಲಿಂಗಸುಗೂರು, ತುರ್ವಿಹಾಳ ಕಡೆಯಿಂದ ಹೆಂಗಸರು ಟಂಟಂ ಆಟೋ ಮಾಡಿಕೊಂಡು ಬಂದರು. ಎಷ್ಟೋ ಜನ ತಮ್ಮ ದೊಡ್ಡ ದೊಡ್ಡ ಮಕ್ಕಳನ್ನು ಮುಂದೆ ತಳ್ಳಿ, "ನಿನ್ನ ಹಡಿಸಿದಾಕಿ, ಕಾಲು ಮುಟ್ಟು" ಎನ್ನುತ್ತಿದ್ದರು. ಅತ್ತೆ ನಮ್ಮ ಕಡೆಯಲ್ಲಿ ಗೋಡೆ ಹಿಡಿದು ನಿಂತಿದ್ದರು. ಬರುತ್ತೀರಾ ಎಂದು ಕೇಳಿದೆ, ತಲೆಯಾಡಿಸಿ ಬೇಡವೆಂದರು. ಎತ್ತಿಕೊಂಡು ಹೋಗುವವರೆಗೂ ನಿಂತೇ ಇದ್ದರು. ಆ ಹೊತ್ತಿನಲ್ಲಿ ನನಗೆ ಅವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇಷ್ಟು ದೂರ ಬಂದು ಆ ಎರಡು ಹೆಜ್ಜೆ ಯಾಕೆ ಉಳಿಸಿಕೊಂಡರು ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಮುಂದೆ ಎಷ್ಟೋ ದಿನ ಅವರ ಜೊತೆ ಬೇಕಾದಷ್ಟೇ ಮಾತಾಡಿದೆ.

ಮಗಳು ಮತ್ತೆ ಮಸ್ಕಿಗೆ ಕೆಲಸಕ್ಕೆ ಹೋಗತೊಡಗಿದಳು. ಹಗಲೆಲ್ಲ ಆಚೆ ಮನೆಯಲ್ಲಿ ಸದ್ದಿಲ್ಲ. ಶಾಲೆ ಶುರುವಾಗಿ ಒಂದು ವಾರವಾಗಿರಬಹುದು, ನಾನು ಮಧ್ಯಾಹ್ನ ಮನೆಗೆ ಬರುವ ಹೊತ್ತಿಗೆ ಪಡುವಣ ದಿಕ್ಕು ಪೂರ್ತಿ ಕಪ್ಪಿಟ್ಟಿತ್ತು. ಮುಂಗಾರಿನ ಮೊದಲ ಮೋಡ. ಗಾಳಿ ಎದ್ದು ಓಣಿಯ ಧೂಳೆಲ್ಲ ಕಣ್ಣಿಗೆ ಬರುತ್ತಿತ್ತು. ಮನೆಯೊಳಗೆ ಅತ್ತೆ ಕಾಣಲಿಲ್ಲ. ಮಂಚ ಖಾಲಿ, ಕೋಲು ಗೋಡೆಗೆ ಒರಗಿದೆ. ಹಿತ್ತಲಲ್ಲೂ ಇಲ್ಲ. ಹೆದರಿ ಹೊರಗೆ ಬಂದಾಗ ಆಚೆಯಿಂದ ಸರ್ ಸರ್ ಎಂದು ಸದ್ದು ಕೇಳಿಸಿತು.

ಸಿಸ್ಟರ್ ಮನೆಯ ಗೇಟು ತೆರೆದಿತ್ತು. ಅತ್ತೆ ಅಂಗಳದ ನಡುವೆ ಬಗ್ಗಿ ನಿಂತು, ಒಂದು ಕೈ ಮೊಣಕಾಲಿಗೆ ಊರಿ, ಇನ್ನೊಂದು ಕೈಯಲ್ಲಿ ಗುಡಿಸುತ್ತಿದ್ದರು. ಮೆಟ್ಟಿಲಿನಿಂದ ಅಲ್ಲಿಯವರೆಗೆ ಕಾಂಕ್ರೀಟು ಬೆಳ್ಳಗಾಗಿತ್ತು, ಮುಂದೆ ಇನ್ನೂ ಕಪ್ಪಗಿತ್ತು. ಸೀರೆಯ ನಿರಿಗೆಯೆಲ್ಲ ಬೂದಿಯಾಗಿತ್ತು.

"ಅತ್ತೀ, ಏನ್ ಮಾಡಾಕತ್ತೀರಿ? ಬಿದ್ದೀರಿ, ಇಲ್ಲಿ ಕೊಡ್ರಿ, ನಾ ಹೊಡೀತೀನಿ" ಎಂದು ಓಡಿಹೋಗಿ ಕೈಹಾಕಿದೆ.

ಅವರು ಕಸಬರಿಗೆ ಬಿಡಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ.

"ಸರಿ ಆ ಕಡೆ" ಎಂದರು. "ಮಳಿ ಬರೂದ್ರಾಗ ಮುಗೀಬೇಕು. ಆಕಿ ಹಿಂಗ ಹೊಲಸಿಟ್ಟು ನೀರು ಬಿಡಾಕಿ ಅಲ್ಲ."